ಕನ್ನಡಕ ಕೊಡೋಕೆ ಹೋಗಿ ರಿಂಗಣ ನೋಡಿ ಬಂದ್ವಿ: ಪುಣೆಯಿಂದ ಪಾಲಖಿ ಹಿಂದೆ ಹೋದವರು ಯಾರಿದ್ದೀರಿ?

ವಾಕಡ್ ಮಲೆನಾಡಿಗ

ಪುಣೆಗೆ ಬಂದು ವರ್ಷಗಳೇ ಆದರೂ ಪಾಲಖಿ (ಆಷಾಢ ಏಕಾದಶಿಗೆ ಸಂತರ ಪಾದುಕೆ ಜೊತೆ ಪಂಢರಪುರಕ್ಕೆ ನಡೆದು ಹೋಗೋ ಮೆರವಣಿಗೆ) ಅಂದರೆ ನನಗೆ ಟ್ರಾಫಿಕ್ ಜಾಮ್, ಅಷ್ಟೇ. ಜೂನ್‌ನಲ್ಲೋ ಜುಲೈನಲ್ಲೋ ಎರಡು ದಿನ ಅರ್ಧ ಊರು ಬಂದ್, ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂತಾರೆ, ಮುಗೀತು. ಈ ಶನಿವಾರ ಮಾತ್ರ ನಾವೇ ಅದರ ಹಿಂದೆ ಹೋಗೋ ಹಾಗಾಯ್ತು.

ನಮ್ಮ ಫ್ಲ್ಯಾಟಿಗೆ ಅಡುಗೆಗೆ ಬರೋ ಮಾವಶಿ ಆಷಾಢ ಬಂತು ಅಂದರೆ ರಜೆ ಹಾಕಿ ಆಳಂದಿಯಿಂದ ಪಂಢರಪುರಕ್ಕೆ ನಡೆದುಬಿಡುತ್ತಾರೆ. ಸುಮಾರು 250 ಕಿ.ಮೀ. ಶನಿವಾರ ಬೆಳಿಗ್ಗೆ ಅವರ ಮಗ ಬಾಗಿಲು ಬಡಿದ. ನೀರಾ ಊರಿನ ಹತ್ತಿರ ನೂಕುನುಗ್ಗಲಲ್ಲಿ ಅಮ್ಮನ ಕನ್ನಡಕ ಯಾರದೋ ಕಾಲಡಿ ಸಿಕ್ಕು ಪುಡಿಯಾಗಿದೆ, ಹಳೇದೊಂದು ಮನೆಯಲ್ಲಿದೆ, ಫಲಟಣ ಕಡೆ ಹೋಗೋರು ಬಿಲ್ಡಿಂಗಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದ. ಅವನಿಗೆ ಡ್ರೈವರ್ ಕೆಲಸ, ರಜೆ ಇಲ್ಲ. ನಾವು ಮೂರು ಜನ ಹಾಸಿಗೆಯಲ್ಲೇ ಇದ್ದೆವು. ರೂಮ್‌ಮೇಟ್ ಮ್ಯಾಪ್ ನೋಡಿ "ನೂರು ಕಿಲೋಮೀಟರ್ ಕಣೋ, ಊಟಕ್ಕೆ ವಾಪಸ್" ಅಂದ. ಊಟಕ್ಕೇನೂ ವಾಪಸ್ ಬರಲಿಲ್ಲ, ಅದು ಬೇರೆ ಮಾತು.

ಲಕ್ಷಗಟ್ಟಲೆ ಜನರ ಮಧ್ಯೆ ಒಬ್ಬರನ್ನ ಹೇಗೆ ಹುಡುಕೋದು ಅಂತ ಕೇಳಿದ್ದಕ್ಕೆ ಆ ಹುಡುಗ ಒಂದು ಚೀಟಿ ಕೊಟ್ಟ. "ರಥದ ಹಿಂದೆ", ಆಮೇಲೆ ಒಂದು ನಂಬರ್. ಅಷ್ಟೇ ವಿಳಾಸ. ಜ್ಞಾನೇಶ್ವರರ ಪಾದುಕೆ ಇರೋ ಬೆಳ್ಳಿ ರಥ ನಡುವೆ. ದಿಂಡಿ ಅಂದರೆ ಒಟ್ಟಿಗೆ ಹಾಡುತ್ತಾ ನಡೆಯೋ ತಂಡ. ರಥದ ಮುಂದೆ ಇಷ್ಟು ದಿಂಡಿ, ಹಿಂದೆ ಇಷ್ಟು ದಿಂಡಿ, ಎಲ್ಲಕ್ಕೂ ನಂಬರ್ ಇದೆ. ಯಾರೂ ಜಾಗ ಬಿಟ್ಟು ನಡೆಯಲ್ಲ. ಪ್ರತಿ ದಿಂಡಿಗೂ ಒಂದು ಲಾರಿ, ಅದರಲ್ಲಿ ಡೇರೆ, ಹಾಸಿಗೆ, ಪಾತ್ರೆಪಗಡ. ಲಾರಿಯ ಮುಂದೆ ಅದೇ ನಂಬರಿನ ಬೋರ್ಡ್. ನನ್ನ ಆಫೀಸಿನಲ್ಲಿ ಒಂದು ಮೀಟಿಂಗ್ ರೂಮ್ ಹುಡುಕೋದು ಇದಕ್ಕಿಂತ ಕಷ್ಟ.

ಹೆದ್ದಾರಿಯಲ್ಲಿ ಶಿರವಳವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿ ಲೋಣಂದ ದಾರಿ ಹಿಡಿದೆವು. ಲೋಣಂದ ಇನ್ನೂ ದೂರ ಇರುವಾಗಲೇ ಪೊಲೀಸರು ಗಾಡಿ ನಿಲ್ಲಿಸಿದರು. ಒಂದು ಮನೆಯವರು ಅಂಗಳದಲ್ಲಿ ಕಾರು ಹಾಕಿಕೊಳ್ಳಿ ಅಂದರು, ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಅಲ್ಲಿಂದ ಕಾಲ್ನಡಿಗೆ. ಜಡಿಮಳೆ. ಹೆಂಗಸರು ತಲೆ ಮೇಲೆ ತುಳಸಿ ಕಟ್ಟೆ ಹೊತ್ತಿದ್ದಾರೆ, ಅದರ ಮೇಲಿಂದ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದಾರೆ, ನಮ್ಮ ಕಡೆ ಗದ್ದೆ ನಾಟಿಗೆ ಕಂಬಳಿಕೊಪ್ಪೆ ಹಾಕ್ಕೊಂಡ ಹಾಗೆ. ಮಳೆ ಬಂತು ಅಂತ ತಾಳ ನಿಂತಿಲ್ಲ.

ಮಾವಶಿ ಸಿಗೋಕೆ ಮುಂಚೆ ರಿಂಗಣ, ಅಂದರೆ ಪಾಲಖಿಯ ಕುದುರೆ ಓಟ, ಸಿಕ್ಕಿತು. ತರಡಗಾಂವ ದಾರಿಯಲ್ಲಿ ಚಾಂದೋಬಾಚಾ ಲಿಂಬ್ ಅಂತ ಜಾಗ. ಆಳಂದಿ ಬಿಟ್ಟ ಮೇಲೆ ಮೊದಲ ಉಭೆ (ನೇರ ಸಾಲಿನ) ರಿಂಗಣ ಅಲ್ಲೇ. ರಸ್ತೆಯ ಎರಡೂ ಬದಿ ದಿಂಡಿಗಳು ಸಾಲಾಗಿ ನಿಲ್ಲುತ್ತವೆ, ನಡುವೆ ಒಂದು ಓಣಿಯಷ್ಟು ಜಾಗ. ಮೊದಲು ಬಾವುಟ ಹಿಡಿದ ಸವಾರನ ಕುದುರೆ ಓಡಿತು. ಹಿಂದೆಯೇ ಇನ್ನೊಂದು ಕುದುರೆ, ಅದರ ಬೆನ್ನ ಮೇಲೆ ಯಾರೂ ಇಲ್ಲ. ಜೀನು ಇದೆ, ಹೂವಿನ ಹಾರ ಇದೆ, ಸವಾರ ಇಲ್ಲ. ಅದು ಮಾವುಲಿಯ (ತಾಯಿ ಅಂತ ಅರ್ಥ, ಜ್ಞಾನೇಶ್ವರರನ್ನ ಹಾಗೆ ಕರೀತಾರೆ) ಕುದುರೆ, ಅದರ ಮೇಲೆ ಜ್ಞಾನೇಶ್ವರರೇ ಕೂತಿರುತ್ತಾರೆ ಅನ್ನೋದು ಅವರ ನಂಬಿಕೆ. ನಮ್ಮ ಮುಂದೆ ಹಾದು ಹೋಗಿದ್ದು ಎರಡು ಸೆಕೆಂಡ್ ಇರಬಹುದು. ಹೋದ ತಕ್ಷಣ ಎರಡೂ ಕಡೆಯವರು ಬಗ್ಗಿ ಗೊರಸು ತಾಗಿದ ಮಣ್ಣನ್ನ ಬೆರಳಲ್ಲಿ ಮುಟ್ಟಿ ಹಣೆಗೆ ಹಚ್ಚಿಕೊಂಡರು. ಮಳೆಗೆ ಅದು ಮಣ್ಣಲ್ಲ, ಕೆಸರು. ಪಕ್ಕದಲ್ಲಿದ್ದ ಅಜ್ಜ ತಾನು ಹಚ್ಚಿಕೊಂಡು, ಉಳಿದಿದ್ದನ್ನ ಕೇಳದೇನೇ ನನ್ನ ಹಣೆಗೂ ಹಚ್ಚಿದರು.

ಮಾವಶಿಯನ್ನ ಸಂಜೆ ತರಡಗಾಂವದಲ್ಲಿ ಲಾರಿ ಪಕ್ಕ ಹಿಡಿದೆವು. ಕನ್ನಡಕ ತಗೊಂಡು ಸೆರಗಲ್ಲಿ ಒರೆಸಿ, ಹಾಕ್ಕೊಂಡು, ನನ್ನ ಮುಖ ನೋಡಿ ಅಂದ ಮೊದಲ ಮಾತು: "ನಾನಿಲ್ಲ ಅಂತ ಊಟ ಬಿಟ್ಟಿದ್ದೀಯಾ?" ಪಿಠ್ಲ ಭಾಕರಿ ತಿನ್ನಿಸಿದರು. ಅಲ್ಲೇ ಪಕ್ಕದ ಡೇರೆಯಿಂದ ಕನ್ನಡ ಕೇಳಿಸಿತು. ಬೆಳಗಾವಿ ಕಡೆಯವರು. ಒಬ್ಬ ಹಿರಿಯರು "ಯಾವೂರ್ರೀ ತಮ್ಮಾ?" ಅಂದರು. ಶಿವಮೊಗ್ಗ ಅಂದೆ. "ಅಷ್ಟ್ ದೂರದಿಂದ ನಡ್ಕೋತ ಬಂದ್ರಿ?" ಇಲ್ಲ, ಪುಣೆಯಿಂದ ಕಾರಲ್ಲಿ ಅಂದೆ. "ಹಂಗಾರ ಚಾ ಅಷ್ಟ ಕುಡೀರಿ" ಅಂತ ನಕ್ಕರು. ನಡೆದು ಬಂದಿದ್ದರೆ ಏನು ಕೊಡುತ್ತಿದ್ದರೋ!

ಅವರೇ ಹೇಳಿದ್ದು, ಆ ಎರಡೂ ಕುದುರೆ ಕರ್ನಾಟಕದವು ಅಂತ. ನಿಜಾನಾ? ಗೊತ್ತಿದ್ದವರು ಹೇಳಿ. ದುಂಡಗಿನ ರಿಂಗಣ ಇನ್ನೂ ಚೆಂದ ಅಂತಾರೆ, ಅದಕ್ಕೆ ಎಲ್ಲಿ, ಯಾವಾಗ ಹೋಗಬೇಕು ಅನ್ನೋದನ್ನೂ ಹೇಳಿ.

ಹಡಪ್ಸರ್ ಹೈದ

ಅಣ್ಣಾ, ಶಿರವಳ ಯಾಕೆ ಸುತ್ತಿದ್ರಿ? ಸಾಸವಡ, ಜೇಜುರಿ, ನೀರಾ ಮೇಲೆ ಹೋದರೆ ನೇರ ದಾರಿ ಅಲ್ವಾ?

ವಾಕಡ್ ಮಲೆನಾಡಿಗ

ಅದೇ ಪಾಲಖಿ ನಡೆದ ದಾರಿ. ಹಿಂದಿನಿಂದ ಹೋದರೆ ನಡೆಯೋ ಜನ, ನೀರಿನ ಟ್ಯಾಂಕರ್, ನೂರಾರು ಲಾರಿ, ಎಲ್ಲದರ ಬಾಲ ಹಿಡಿದು ಹೋಗಬೇಕು. ಲೋಣಂದದ ಹುಡುಗನೊಬ್ಬ ಹೇಳಿದ, ಪಾಲಖಿಗೆ ಯಾವಾಗಲೂ ಪಕ್ಕದಿಂದ ಬರಬೇಕು, ಇಲ್ಲಾ ಮುಂದಿನಿಂದ ಬರಬೇಕು ಅಂತ.

ಚಿಕ್ಕೋಡಿ ಕಬ್ಬು

ನಿಜಾನಾ ಅಂತ ಕೇಳ್ತೀರಲ್ರೀ! ನಮ್ಮ ತಾಲೂಕಿನ ಕುದುರೆ ಅವು. ಬೆಳಗಾವಿ ಜಿಲ್ಲೆ, ಚಿಕ್ಕೋಡಿ ತಾಲೂಕು, ಅಂಕಲಿ. ಅಲ್ಲಿನ ಶಿತೋಳೆ ಸರದಾರರ ವಾಡೆಯಿಂದ ಎರಡೂ ಕುದುರೆ ಹೊರಡುತ್ತವೆ.

ಇದರ ಹಿನ್ನೆಲೆ ಹೇಳ್ತೀನಿ. ಮೊದಲು ವಾರಕರಿಗಳು (ಹೀಗೆ ಪಂಢರಪುರಕ್ಕೆ ನಡೆಯೋ ಭಕ್ತರು) ಜ್ಞಾನೇಶ್ವರರ ಪಾದುಕೆಯನ್ನ ಕೊರಳಿಗೆ ಕಟ್ಟಿಕೊಂಡು ನಡೆಯುತ್ತಿದ್ದರಂತೆ. ಇವತ್ತಿನ ಹಾಗೆ ಪಾಲಖಿ, ಕುದುರೆ, ದಿಂಡಿಗಳ ಸಾಲು, ಇಷ್ಟೆಲ್ಲ ಶಿಸ್ತು ತಂದವರು ಹೈಬತಬಾಬಾ ಆರಫಳಕರ್. ಹತ್ತೊಂಬತ್ತನೇ ಶತಮಾನದ ಮಾತು. ಅವರು ಮೂಲದಲ್ಲಿ ದರ್ಬಾರಿನಲ್ಲಿ ಕೆಲಸ ಮಾಡಿದವರು. ಅದಕ್ಕೇ ನೋಡಿ, ಇಡೀ ಪಾಲಖಿ ಒಂದು ದಂಡು ಹೊರಟ ಹಾಗೆ ಇರುತ್ತದೆ. ಮುಂದೆ ಕುದುರೆ, ನಗಾರಿ, ಬೆಳ್ಳಿ ಕೋಲಿನ ಚೋಪದಾರರು, ಯಾರು ಎಲ್ಲಿ ನಿಲ್ಲಬೇಕು ಅನ್ನೋ ಕಟ್ಟಳೆ. ಕುದುರೆ, ಡೇರೆ ಕೊಟ್ಟು ಅವರ ಬೆನ್ನಿಗೆ ನಿಂತವರು ಅಂಕಲಿಯ ಶಿತೋಳೆಯವರು. ಆ ಮನೆತನದವರು ಅದನ್ನ ಇವತ್ತಿಗೂ ನಡೆಸಿಕೊಂಡು ಬಂದಿದ್ದಾರೆ.

ಈಗ ಮುಖ್ಯ ವಿಷಯ ಕೇಳಿ. ಆ ಕುದುರೆಗಳನ್ನ ಗಾಡಿಯಲ್ಲಿ ಹಾಕಿ ಕಳಿಸೋದಿಲ್ಲ. ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ನಡೆಸಿಕೊಂಡೇ ಹೋಗ್ತಾರೆ. ಮಿರಜ್, ಸಾಂಗ್ಲಿ ದಾಟಿ, ಸಾತಾರಾ ಕಡೆಯಿಂದ ಪುಣೆ, ಅಲ್ಲಿಂದ ಆಳಂದಿ. ಹತ್ತು ಹನ್ನೊಂದು ದಿನದ ಹಾದಿ. ಆಳಂದಿ ಮುಟ್ಟಿದ ಮೇಲೆ ಪಂಢರಪುರದ ನಡಿಗೆ ಶುರು. ಅಂದರೆ ಮನುಷ್ಯರು 250 ನಡೆದರೆ ಕುದುರೆಗಳು ಅದರ ಎರಡು ಪಟ್ಟಿಗಿಂತ ಜಾಸ್ತಿ ನಡೆಯುತ್ತವೆ.

ನಾವು ಚಿಕ್ಕವರಿದ್ದಾಗ ಕುದುರೆ ಹೊರಡೋ ದಿನ ಸಾಲಿ ತಪ್ಪಿಸಿ ನೋಡಾಕ ಹೋಗ್ತಿದ್ವಿ. ಕೃಷ್ಣಾ ನದಿ ಸೇತುವೆವರೆಗೂ ಹಿಂದೆ ಓಡೋದು. ಮೇಷ್ಟ್ರು ಬೈತಿರಲಿಲ್ಲ, ಯಾಕಂದ್ರ ಅವರೂ ಅಲ್ಲೇ ಇರ್ತಿದ್ರು. ಪುಣೆಯಲ್ಲಿ ಕೂತು ಈ ಕುದುರೆ ಸುದ್ದಿ ಕನ್ನಡದಲ್ಲಿ ಬರೀತೀನಿ ಅಂತ ಅನ್ಕೊಂಡಿರಲಿಲ್ಲ ಬಿಡ್ರಿ.

ನಿಗಡಿ ನೀರೆ

ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನೇ ಕಾನಡಾ ಅಂತ ಕರೆದಿದ್ದಾರೆ ಅಲ್ವಾ? ದೇವರೂ ನಮ್ಮವನೇ, ಕುದುರೆಯೂ ನಮ್ಮದೇ. 😊

ಚಿಕ್ಕೋಡಿ ಕಬ್ಬು

ಬಂತು ನೋಡ್ರಿ! ಇದನ್ನ ಯಾರು ಮೊದಲು ಹೇಳ್ತಾರೆ ಅಂತ ಕಾಯ್ತಾ ಇದ್ದೆ. ಪಂಢರಪುರದ ಸುದ್ದಿ ತೆಗೆದರೆ ಹತ್ತು ನಿಮಿಷದಲ್ಲಿ ಯಾರೋ ಒಬ್ಬ ಕನ್ನಡಿಗ ಇದನ್ನ ಹೇಳೇ ಹೇಳ್ತಾನೆ. ನಮ್ಮ ಆಫೀಸಿನ ಮರಾಠಿ ಹುಡುಗರು ಈಗ ನನಗಿಂತ ಮೊದಲೇ ಹೇಳಿ ನಗ್ತಾರೆ.

ಕೋಥ್ರೂಡ್ ಕಟ್ಟೆ

ಎಲ್ಲರೂ ಖುಷಿಯಾಗಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡ್ತೀನಿ. ಕನ್ನಡಕ ಕೊಡೋಕೆ ಹೋಗಿದ್ದು ಸರಿ. ಆದರೆ ಈಗ ಈ ಬರಹ ಓದಿ ನಾಳೆ ಇಪ್ಪತ್ತು ಕಾರು ಹೊರಡುತ್ತವೆ. ಅವರು ಎರಡು ಮೂರು ವಾರ ಮಳೆಯಲ್ಲಿ ನಡೆಯೋರು, ನಾವು ಎಸಿ ಕಾರಲ್ಲಿ ಹೋಗಿ ಕುದುರೆ ಓಡೋದನ್ನ ಫೋನಲ್ಲಿ ಹಿಡಿದು ಸಂಜೆಗೆ ವಾಪಸ್. ಅದು ವಾರಿ (ಪಂಢರಪುರದ ಪಾದಯಾತ್ರೆ) ಅಲ್ಲ, ಪಿಕ್ನಿಕ್. ಕೆಲವು ವರ್ಷದಿಂದ ದಿವೆ ಘಾಟಿನಲ್ಲಿ ನಡೆಯೋರಿಗಿಂತ ಫೋಟೋ ತೆಗೆಯೋರ ಕಾಟವೇ ಜಾಸ್ತಿ. ತಾಳ ಬಾರಿಸೋ ಅಜ್ಜನ ಮುಖದ ಮುಂದೆ ಅಂಗೈಯಷ್ಟು ದೂರದಲ್ಲಿ ಕ್ಯಾಮೆರಾ ಹಿಡೀತಾರೆ. ಆ ಅಜ್ಜ ಏನೂ ಅನ್ನಲ್ಲ, "ರಾಮ್ ಕೃಷ್ಣ ಹರಿ" ಅಂತ ಪಕ್ಕಕ್ಕೆ ಸರೀತಾನೆ. ಸರಿದು ಹೋಗಬೇಕಾದವರು ನಾವಲ್ವಾ?

ಬಿಸ್ಕೆಟ್ ಹಂಚೋರದು ಇನ್ನೊಂದು. ಒಂದೇ ಕಿಲೋಮೀಟರಿನಲ್ಲಿ ಹತ್ತು ಕಡೆ ಬಿಸ್ಕೆಟ್, ಬಾಳೆಹಣ್ಣು, ನೀರಿನ ಪೌಚ್. ಯಾರಿಗೂ ಅಷ್ಟು ಬೇಡ. ಪಾಲಖಿ ಹೋದ ಮೇಲೆ ಆ ಊರವರು ಗುಡಿಸಬೇಕು.

ಸಿಂಹಗಡ ರೋಡ್ ಸುಬ್ಬಿ

ಕಟ್ಟೆಯವರೇ, ಫೋಟೋ ಮತ್ತೆ ಬಿಸ್ಕೆಟ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. ಪಿಕ್ನಿಕ್ ಅನ್ನೋದನ್ನ ಒಪ್ಪಲ್ಲ.

ನಾನು ಉಡುಪಿ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದೆ. ಪಕ್ಕದ ಮನೆ ಕಾಕೂ ಜೊತೆ ಪುಣೆಯಿಂದ ಸಾಸವಡದವರೆಗೆ ನಡೆದಿದ್ದೇನೆ. ಅದೊಂದೇ ದಿನದ ಹಾದಿ, ಆದರೆ ಇಡೀ ವಾರಿಯಲ್ಲೇ ಉದ್ದದ ದಿನಗಳಲ್ಲಿ ಅದೊಂದು. ಮೂವತ್ತು ಕಿಲೋಮೀಟರ್ ಮೇಲೆ, ಜೊತೆಗೆ ಘಾಟ್ ಹತ್ತಬೇಕು. ಹೆಚ್ಚಾಗಿ ಆ ದಿನ ಏಕಾದಶಿ ಬೀಳುತ್ತದೆ, ಹಾಗಾಗಿ ಊಟವೂ ಇಲ್ಲ. ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಶೇಂಗಾ ಉಂಡೆ.

ಬೆಳಗಿನ ಜಾವ ಪೇಟೆ ಬಿಟ್ಟಾಗ ಕತ್ತಲೆ. ಹಡಪ್ಸರ್ ಹೊತ್ತಿಗೆ ಬಿಸಿಲು. ದಿವೆ ಘಾಟ್ ಬುಡಕ್ಕೆ ಬಂದಾಗ ನನಗೆ ಕಾಲೇ ಇಲ್ಲ. ಅಲ್ಲಿ ರಥಕ್ಕೆ ಹೆಚ್ಚುವರಿ ಎತ್ತಿನ ಜೋಡಿ ಕಟ್ಟುತ್ತಾರೆ. ಏರು ಕಡಿದಾಗಿರೋದರಿಂದ ಒಂದೇ ಜೋಡಿಗೆ ಆಗಲ್ಲ. ಎತ್ತಿನ ಜೊತೆಗೇ ಜನರೂ ಹಾಡು ಏರಿಸುತ್ತಾರೆ. ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ಅಷ್ಟೂ ರಸ್ತೆ ಬಿಳಿ ಟೋಪಿ, ನಡುನಡುವೆ ಕೇಸರಿ ಪತಾಕೆ.

ಮೊದಲ ಸಲ ನಾನು ಹೋಗಿದ್ದು ನಡೆಯೋಕೆ ಅಲ್ಲ, ಸುಮ್ನೆ ಟೆರೇಸಿನಿಂದ ನೋಡೋಕೆ. ಆಮೇಲೆ ರಸ್ತೆಗಿಳಿದು ನೀರು ಕೊಟ್ಟೆ. ಅದಾದ ಮೇಲೆ ನಡೆದೆ. ಎಲ್ಲರೂ ಹೀಗೇ ಅಂತಲ್ಲ. ಆದರೆ ನೋಡೋಕೂ ಬರಬೇಡಿ ಅಂದರೆ ನನ್ನಂಥವಳು ಇವತ್ತಿಗೂ ಟೆರೇಸಲ್ಲೇ ಇರುತ್ತಿದ್ದೆ.

ಕೋಥ್ರೂಡ್ ಕಟ್ಟೆ

ಸುಬ್ಬಿಯವರೇ, ನೀವು ನಡೆದವರು. ನಿಮ್ಮ ಮಾತಿಗೆ ಬೆಲೆ ಇದೆ. ನನ್ನ ತಕರಾರು ಕಾರಿನ ಮೇಲೆ. ಸಣ್ಣ ಊರು, ಸಣ್ಣ ರಸ್ತೆ, ಅಲ್ಲಿ ಅಂಬ್ಯುಲೆನ್ಸ್ ಹೋಗೋಕೆ ಜಾಗ ಇರಲ್ಲ. ಅದಕ್ಕೆ ಉತ್ತರ ಕೊಡಿ.

ವಾಕಡ್ ಮಲೆನಾಡಿಗ

ಕಟ್ಟೆಯವರೇ, ಅದಕ್ಕೇ ಪೊಲೀಸರು ನಮ್ಮನ್ನ ಅಷ್ಟು ದೂರದಲ್ಲೇ ನಿಲ್ಲಿಸಿದ್ದು. ಅವರು ನಿಲ್ಲಿಸಿದ ಕಡೆ ನಿಲ್ಲಿಸಿ ನಡೆಯೋದು. "ಸ್ವಲ್ಪ ಮುಂದೆ ಬಿಡಿ ಸಾಹೇಬ್ರೇ" ಅಂತ ಗೋಗರೆಯೋರನ್ನ ಕಂಡೆ. ಅವರಿಗೆ ನಿಮ್ಮ ಬೈಗುಳ ಪೂರ್ತಿ ಸಲ್ಲುತ್ತದೆ.

ಬಿಸ್ಕೆಟ್ ಬದಲು ಏನು ಬೇಕು ಅಂತ ಮಾವಶಿ ಹತ್ತಿರ ಕೇಳಿದೆ. ಫೋನ್ ಚಾರ್ಜ್ ಮಾಡೋಕೆ ಪ್ಲಗ್, ಬಿಸಿನೀರು, ಚಪ್ಪಲಿ ಹೊಲಿಯೋರು, ಹೆಂಗಸರಿಗೆ ಸ್ನಾನಕ್ಕೆ ಮರೆ. ಇಷ್ಟೇ ಅಂದರು. ನಾವು ನಿಂತಿದ್ದ ಕಡೆ ಇಬ್ಬರು ಚಮ್ಮಾರರು ರಸ್ತೆ ಪಕ್ಕ ಗೋಣಿ ಹಾಸಿ ಕೂತು ಬಂದವರ ಚಪ್ಪಲಿಯನ್ನೆಲ್ಲ ಪುಕ್ಕಟೆ ಹೊಲಿದು ಕೊಡುತ್ತಿದ್ದರು. ಒಬ್ಬ ಅಜ್ಜಿಯ ಚಪ್ಪಲಿಗೆ ಹೊಸ ಪಟ್ಟಿ ಹಾಕಿ, ಹಳೇ ಮೊಳೆ ಹೊರಗೆ ಬಂದಿದೆಯಾ ಅಂತ ಒಳಗೆ ಬೆರಳಾಡಿಸಿ ನೋಡಿ, ಆಮೇಲೆ ತಾವೇ ಅವರ ಕಾಲಿಗೆ ತೊಡಿಸಿದರು. ತೊಡಿಸಿ ಕಾಲು ಮುಟ್ಟಿ ನಮಸ್ಕಾರ. ಅಜ್ಜಿಯೂ ತಿರುಗಿ ಅವರ ಕಾಲು ಮುಟ್ಟಿದರು. ಅಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿ. ಪೊಲೀಸರೂ "ಮಾವುಲಿ, ಪಕ್ಕಕ್ಕೆ ಬನ್ನಿ" ಅಂತಾನೇ ಕರೀತಾರೆ.

ಡೊಂಬಿವಲಿ ಲೋಕಲ್

ನಮಗೆ ಕಾರೂ ಇಲ್ಲ, ರಜೆಯೂ ಇಲ್ಲ. ಮುಂಬೈಯವರಿಗೆ ಒಂದು ಮಾತು. ಆಷಾಢ ಏಕಾದಶಿ ದಿನ ವಡಾಲಾದ ವಿಠ್ಠಲ ದೇವಸ್ಥಾನಕ್ಕೆ ಹೋಗಿ. ಪ್ರತಿ ಪಂಢರಪುರ ಅಂತಾನೇ ಅದಕ್ಕೆ ಹೆಸರು. ಶಾಲೆ ಮಕ್ಕಳು, ಗಿರಣಿ ಕೆಲಸದವರ ಮನೆಯವರು, ಎಲ್ಲ ದಿಂಡಿ ಕಟ್ಟಿಕೊಂಡು ಬರುತ್ತಾರೆ. ಕ್ಯೂ ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ನಮ್ಮಪ್ಪ ಮಾಟುಂಗಾದ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ರಾತ್ರಿ ಪಾಳಿ ಮುಗಿಸಿ ಅಲ್ಲಿಂದಲೇ ನಡೆದು ಹೋಗುತ್ತಿದ್ದರು.

ಫೋಂಡಾ ಪಕ್ಕದವ

ಗೋವಾದಿಂದ ನಾನೂ ಸೇರ್ಕೊಳ್ತೀನಿ. ನಿಮ್ಮದು ಕೆಸರು ಹಣೆಗೆ ಮಾತ್ರ. ನಮ್ಮಲ್ಲಿ ಪೂರ್ತಿ ಮೈಗೆ! ಆಷಾಢ ಏಕಾದಶಿಯ ಮಾರನೇ ದಿನ ಮಾಶೆಲ್‌ನಲ್ಲಿ ಚಿಖಲ ಕಾಲೊ. ದೇವಕಿ ಕೃಷ್ಣ ದೇವಸ್ಥಾನದ ಮುಂದಿನ ಮೈದಾನ ಆ ಹೊತ್ತಿಗೆ ಮಳೆಗೆ ನೆಂದು ಗದ್ದೆಯಾಗಿರುತ್ತದೆ. ಗಂಡಸರು, ಹುಡುಗರು ಮೈಗೆ ಎಣ್ಣೆ ಹಚ್ಚಿಕೊಂಡು ಇಳೀತಾರೆ. ಕೃಷ್ಣ ಚಿಕ್ಕವನಿದ್ದಾಗ ಆಡಿದ ಆಟ ಅಂತ ಆಡ್ತಾರೆ. ದೇವಕಿಯ ಜೊತೆ ಮಗ ಕೃಷ್ಣ ಇರೋ ಗುಡಿ ಬೇರೆ ಎಲ್ಲೂ ಸುಲಭಕ್ಕೆ ಸಿಗಲ್ಲ, ಅದನ್ನ ನೋಡೋಕಾದರೂ ಬನ್ನಿ.

ಪಣಜಿಯಿಂದ ದೂರ ಇಲ್ಲ. ಹುಬ್ಬಳ್ಳಿ, ಬೆಳಗಾವಿಯಿಂದ ಬರೋರಿಗೆ ಫೋಂಡಾ ದಾರಿಯಲ್ಲೇ ಸಿಗುತ್ತದೆ. ಒಂದು ಜೊತೆ ಬಟ್ಟೆ ಹೆಚ್ಚಿಗೆ ತನ್ನಿ. "ನಾನು ನೋಡ್ತೀನಿ ಅಷ್ಟೇ" ಅಂತ ಬಿಳಿ ಅಂಗಿ ಹಾಕ್ಕೊಂಡು ಬಂದವರನ್ನೇ ಮೊದಲು ಎಳೆಯೋದು.

ಬಾಣೇರ್ ಬಳಗ

ನನ್ನ ಅತ್ತೆಗೆ ಎಪ್ಪತ್ತು ದಾಟಿದೆ, ಮಗಳಿಗೆ ಆರು ವರ್ಷ. ಇಬ್ಬರಿಗೂ ರಿಂಗಣ ತೋರಿಸಬೇಕು ಅಂತಿದೆ. ನೂಕುನುಗ್ಗಲಲ್ಲಿ ಆಗುತ್ತಾ? ಯಾರಾದರೂ ಹಿರಿಯರನ್ನ ಕರ್ಕೊಂಡು ಹೋಗಿದ್ದೀರಾ?

ಸಿಂಹಗಡ ರೋಡ್ ಸುಬ್ಬಿ

ಅವರಿಗೆ ಉಭೆ ರಿಂಗಣ ಬೇಡ. ರಸ್ತೆ ಬದಿಯಲ್ಲಿ ನಿಲ್ಲಬೇಕು, ಕುದುರೆ ಬಂದಾಗ ಹಿಂದಿನವರು ತಳ್ಳುತ್ತಾರೆ. ದುಂಡಗಿನದೇ ಒಳ್ಳೇದು, ಅದಕ್ಕೆ ಗೋಲ ರಿಂಗಣ ಅಂತಾರೆ. ಅದು ಬಯಲಲ್ಲಿ ನಡೆಯುತ್ತೆ, ಹಿಂದೆ ದಿಬ್ಬದ ಮೇಲೆ ನಿಂತರೂ ಕಾಣುತ್ತದೆ.

ಮಾವುಲಿ ಪಾಲಖಿಯಲ್ಲಿ ಪುರಂದವಡೆ, ಖುಡೂಸ್ ಫಾಟಾ, ಕೊನೆಗೆ ಪಂಢರಪುರದ ಹತ್ತಿರ ಬಾಜೀರಾವ್ ವಿಹೀರ್, ಇಲ್ಲೆಲ್ಲ ಗೋಲ ರಿಂಗಣ ಇದೆ. ದೇಹುವಿನಿಂದ ಹೊರಡೋ ತುಕಾರಾಮರ ಪಾಲಖಿಯದು ಬೇರೆ ದಾರಿ. ಯವತ, ಬಾರಾಮತಿ, ಇಂದಾಪುರ, ಅಕಲೂಜ್. ಅದರ ಮೊದಲ ಗೋಲ ರಿಂಗಣ ಬೆಳವಾಡಿಯಲ್ಲಿ. ಪುಣೆಯವರಿಗೆ ಹೋಗಿ ಬರೋಕೆ ಸಲೀಸು, ಆದರೆ ಈ ವರ್ಷದ್ದು ಮುಗಿದುಹೋಯಿತು.

ಮಗಳಿಗೆ ಮಾತ್ರ ಮುಂದಿನ ವರ್ಷ ತಪ್ಪದೇ ಕಾಟೇವಾಡಿ ತೋರಿಸಿ. ಬಾರಾಮತಿ ದಾಟಿದ ಮೇಲೆ ಬರೋ ಊರು. ಅಲ್ಲಿ ಓಡೋದು ಕುದುರೆ ಅಲ್ಲ, ಕುರಿ! ಧನಗರರು ತಮ್ಮ ಕುರಿ ಹಿಂಡು ತಂದು ತುಕಾರಾಮರ ರಥದ ಸುತ್ತ ಓಡಿಸುತ್ತಾರೆ. ಮುಂದಿನ ಕುರಿ ಓಡಿದರೆ ಸಾಕು, ಉಳಿದವೆಲ್ಲ ಒಂದರ ಹಿಂದೆ ಒಂದು ಅಂಟಿಕೊಂಡು ರಥದ ಸುತ್ತ ಸುತ್ತುತ್ತವೆ. ಅದೇ ಊರಲ್ಲಿ ಮಡಿವಾಳರು ಪಾಲಖಿ ಬರೋ ದಾರಿಗೆ ಧೋತರ ಹಾಸುತ್ತಾರೆ. ಒಬ್ಬೊಬ್ಬರ ಕಸುಬು ಏನೋ ಅದೇ ಅವರ ಸೇವೆ.

ಅತ್ತೆಗೆ ಮಡಚೋ ಕುರ್ಚಿ ಒಯ್ಯಿರಿ. ಔಷಧಿ ನಿಮ್ಮ ಕೈಯಲ್ಲೇ ಇರಲಿ, ಕಾರಲ್ಲಿ ಬಿಟ್ಟು ಹೋಗಬೇಡಿ. ಕಾರಿಗೆ ವಾಪಸ್ ಹೋಗೋಕೆ ಎಷ್ಟು ಹೊತ್ತಾಗುತ್ತೆ ಅಂತ ಹೇಳೋಕಾಗಲ್ಲ. ಮಗಳ ಕೊರಳಿಗೆ ಫೋನ್ ನಂಬರ್ ಬರೆದ ಚೀಟಿ ಕಟ್ಟಿ.

ಹಡಪ್ಸರ್ ಹೈದ

ಮಲೆನಾಡಿಗರೇ, ರಾತ್ರಿ ಅಲ್ಲೇ ಉಳಿದ್ರಾ? ಊಟಕ್ಕೆ ವಾಪಸ್ ಬರಲಿಲ್ಲ ಅಂದ್ರಿ, ಆಮೇಲೆ ಏನಾಯ್ತು ಅಂತ ಹೇಳಲೇ ಇಲ್ಲ.

ವಾಕಡ್ ಮಲೆನಾಡಿಗ

ಉಳಿಯಲಿಲ್ಲ, ಆದರೆ ತಡವಾಯಿತು. ಮಾವಶಿ "ಸಮಾಜ ಆರತಿ ನೋಡಿ ಹೋಗಿ" ಅಂತ ಕೂರಿಸಿಬಿಟ್ಟರು.

ಸಂಜೆ ಪಾಲಖಿ ಬಿಡಾರಕ್ಕೆ ಬಂದ ಮೇಲೆ ದಿಂಡಿಗಳು ಸುತ್ತ ಗುಂಪಾಗಿ ನಿಲ್ಲುತ್ತವೆ. ಎಲ್ಲ ದಿಂಡಿಯೂ ಒಟ್ಟಿಗೆ ತಾಳ, ಮೃದಂಗ ಬಾರಿಸುತ್ತಿರುತ್ತವೆ. ಪಕ್ಕದವರು ಕಿವಿಯಲ್ಲಿ ಕೂಗಿದರೂ ಕೇಳಲ್ಲ. ಚೋಪದಾರರು ಬೆಳ್ಳಿ ಕೋಲು ಮೇಲೆತ್ತಿ ಒಂದು ಕೂಗು ಹಾಕಿದರು. ತಟ್ಟನೆ ಎಲ್ಲ ನಿಂತಿತು. ಮೈಕಿನಲ್ಲಿ ಹತ್ತು ಸಲ "ಶಾಂತರಾಗಿ" ಅನ್ನೋ ಸಭೆಗಳನ್ನ ನೋಡಿದವನು ನಾನು, ನಂಬೋಕೆ ಆಗಲಿಲ್ಲ.

ಒಂದು ದಿಂಡಿ ಮಾತ್ರ ನಿಲ್ಲಿಸಲಿಲ್ಲ. ಟಣ್ ಟಣ್ ಅಂತ ತಾಳ ಬಾರಿಸುತ್ತಲೇ ಇದ್ದರು. ಇವರೇನು ಕೇಳಿಸಿಕೊಂಡಿಲ್ವಾ ಅಂದೆ. ಮಾವಶಿ ನಕ್ಕರು. ತಕರಾರು ಇದ್ದವರು ಹಾಗೇ ಬಾರಿಸುತ್ತಾ ಇರಬೇಕಂತೆ, ಅದೇ ಅರ್ಜಿ. ಚೋಪದಾರರು ಅಲ್ಲಿಗೇ ಹೋಗಿ ಕೇಳುತ್ತಾರೆ. ಆ ದಿನದ ತಕರಾರು ನೀರಿನ ಟ್ಯಾಂಕರ್ ತಮ್ಮ ಡೇರೆ ಕಡೆ ಬಂದಿಲ್ಲ ಅಂತ. ಅಲ್ಲೇ ಮಾತಾಡಿದರು, ತಾಳ ನಿಂತಿತು. ಆಮೇಲೆ ಕಳೆದುಹೋದ ಸಾಮಾನು, ಸಿಕ್ಕಿದ ಸಾಮಾನು, ಮಾರನೇ ದಿನ ಎಷ್ಟು ಗಂಟೆಗೆ ಹೊರಡೋದು, ಎಲ್ಲ ಹೇಳಿ ಆರತಿ. ಸಿಕ್ಕಿದ ಸಾಮಾನಿನ ಪಟ್ಟಿಯಲ್ಲಿ ಒಂದು ಹಲ್ಲಿನ ಸೆಟ್ ಇತ್ತು. ಯಾರೂ ನಗಲಿಲ್ಲ, ನಾವು ಮೂರೇ ಜನ ನಕ್ಕಿದ್ದು.

ಹೊರಟಾಗ ರಾತ್ರಿ. ಶಿರವಳದವರೆಗೂ ನಿಧಾನ, ಆಮೇಲೆ ಹೆದ್ದಾರಿ ಖಾಲಿ.

ಕೋಥ್ರೂಡ್ ಕಟ್ಟೆ

ಈ ತಕರಾರಿನ ಪದ್ಧತಿ ನಮ್ಮ ಸೊಸೈಟಿ ಮೀಟಿಂಗಿಗೆ ತರಬೇಕು. ಪಾರ್ಕಿಂಗ್ ವಿಷಯಕ್ಕೆ ನಾನೇ ಮೊದಲು ತಾಳ ಬಾರಿಸ್ತೀನಿ.

ಚಿಕ್ಕೋಡಿ ಕಬ್ಬು

ನೀವು ಇಲ್ಲೂ ಅದನ್ನೇ ಮಾಡ್ತಿದ್ದೀರಲ್ರೀ ಕಟ್ಟೆಯವರೇ. 😄

ಬುಧವಾರ ಪುರಂದವಡೆ ರಿಂಗಣಕ್ಕೆ ನಾನು ಹೊರಟಿದ್ದೀನಿ. ರಜೆ ಹಾಕಿ ಆಯ್ತು. ಫಲಟಣ ಮೇಲಿಂದ ಹೋದರೆ ಪಾಲಖಿಯ ಹಿಂದೆ ಸಿಕ್ಕಿಕೊಳ್ತೀವಿ. ಅದಕ್ಕೆ ಸೊಲ್ಲಾಪುರ ಹೆದ್ದಾರಿ ಹಿಡಿದು ಇಂದಾಪುರ, ಅಲ್ಲಿಂದ ಮಾಳಶಿರಸ ಕಡೆ, ಮುಂದಿನಿಂದ ಹೋಗೋದು ಅಂತ ಲೆಕ್ಕ. ಒಂದೇ ತೊಡಕು, ಅದೇ ಹೊತ್ತಿಗೆ ತುಕಾರಾಮರ ಪಾಲಖಿ ಅಕಲೂಜ್ ಆಸುಪಾಸು ಇರುತ್ತದೆ. ಅಲ್ಲೂ ರಸ್ತೆ ಬಂದ್ ಇದ್ದರೆ ಹಳ್ಳಿ ದಾರಿ ಹುಡುಕಬೇಕು. ಅದಕ್ಕೆ ನಸುಕಿನಲ್ಲೇ, ನಾಲ್ಕು ಗಂಟೆಗೆ ಹೊರಡ್ತೀನಿ.

ಬಾಣೇರ್ ಬಳಗ

ನಾಲ್ಕು ಗಂಟೆಗೆ ಅತ್ತೆ ರೆಡಿ ಇರ್ತಾರೆ, ನಾನೇ ಇರಲ್ಲ. ಆದರೂ ಹಿಂದೆ ನಮ್ಮ ಕಾರು ಬರ್ತದೆ. ಫೋನ್ ನಂಬರ್ ಮೆಸೇಜ್ ಮಾಡ್ತೀನಿ. ಮಗಳಿಗೆ ಶಾಲೆಗೆ ಏನು ಕಾರಣ ಹೇಳೋದು?

ಚಿಕ್ಕೋಡಿ ಕಬ್ಬು

ಕುದುರೆ ನೋಡಾಕ ಹೋಗೇವಿ ಅಂತ ಹೇಳ್ರಿ. ನಮ್ಮ ಕಾರಲ್ಲಿ ಇನ್ನೂ ಎರಡು ಸೀಟು ಖಾಲಿ ಇವೆ, ಬೇಕಾದವರು ಹೇಳಿ. ಹಡಪ್ಸರ್ ಗಾಡೀತಳದಲ್ಲಿ ಹತ್ತಿಸಿಕೊಳ್ತೀನಿ. ಎಸಿ ಕೆಲಸ ಮಾಡಲ್ಲ, ಕಟ್ಟೆಯವರೂ ಧೈರ್ಯವಾಗಿ ಬರಬಹುದು.

ಕೋಥ್ರೂಡ್ ಕಟ್ಟೆ

ಒಂದು ಸೀಟು ನನಗಿರಲಿ. ಫೋನ್ ಮನೇಲೇ ಬಿಟ್ಟು ಬರ್ತೀನಿ, ನೀವೂ ಬಿಟ್ಟು ಬನ್ನಿ ಅಂತ ಹೇಳೋ ಹಕ್ಕು ಇರಲಿ ಅಂತ.

ಚಿಕ್ಕೋಡಿ ಕಬ್ಬು

ದಾರಿ ನೋಡೋಕೆ ಒಂದು ಫೋನಾದರೂ ಬೇಕಲ್ರೀ! ಬರ್ರಿ, ಬರ್ರಿ. ಇನ್ನೊಂದು ಸೀಟು ಇದೆ.